ಏಕಾದಶಿಯ ನೀರು

ಹೂವಿನ ಹಿಪ್ಪರಗಿಯ ಬಸ್ ನಿಲ್ದಾಣದ ಎದುರು ಇಜಾಜ ಗಾಡಿ ನಿಲ್ಲಿಸಿ ಚಹಾಕ್ಕೆ ಇಳಿದಾಗ, ಕಟ್ಟೆಯ ಮೇಲೆ ಕೂತ ಮುದುಕನೊಬ್ಬ ಏಳಲು ಹವಣಿಸುತ್ತಿದ್ದುದನ್ನು ತುಳಸೀಬಾಯಿ ಬೇಡವೆಂದರೂ ನೋಡಿದಳು. ಮುದುಕ ಮೊದಲು ಅಂಗೈಯನ್ನು ಮೊಣಕಾಲಿಗೆ ಊರಿದ. ಆಮೇಲೆ ಪಕ್ಕದ ಕಂಬ ಹಿಡಿದ. ಎದ್ದ ಮೇಲೂ ಕೂಡಲೇ ಹೆಜ್ಜೆ ತೆಗೆಯಲಿಲ್ಲ; ಈ ಕಾಲುಗಳು ತನ್ನವೇ ಹೌದೋ ಎಂದು ಕೇಳಿಕೊಳ್ಳುವವನಂತೆ ಕೆಳಗೆ ನೋಡುತ್ತ ನಿಂತ. ಅರವತ್ತು, ಎಂದಿತು ಅವಳ ಮನಸ್ಸು. ದೇವರೇ, ಇವತ್ತು ಏಕಾದಶಿ, ಬೆಳಗಿನಿಂದ ಬಾಯಿಗೆ ಹನಿ ನೀರು ಹಾಕಿಲ್ಲ, ಹರಿನಾಮ ಇರಬೇಕಾದ ನಾಲಿಗೆಯ ಮೇಲೆ ಈ ಅರವತ್ತು ಎಲ್ಲಿಂದ ಬಂತು ಎಂದು ಅವಳು ಮುಖ ತಿರುಗಿಸಿದಳು. ಆದರೆ ಕಣ್ಣಿಗೆ ಕಲಿಸಿದ್ದನ್ನು ಕಣ್ಣು ಮರೆಯುವುದಿಲ್ಲ. ಇಂಡಿಯ ಸರಕಾರಿ ದವಾಖಾನೆಯಿಂದ ನರ್ಸಾಗಿ ನಿವೃತ್ತಳಾದ ಮೇಲೆ ಬಾಗೇವಾಡಿಯ ಈ ಸಂಸ್ಥೆ ಸೇರಿ, ಗುಣವಾಗದ ಬೇನೆಯವರ ಮನೆಮನೆಗೆ ಗಾಡಿಯಲ್ಲಿ ಹೋಗುವ ಕೆಲಸ ಹಿಡಿದಾಗ ಅವಳಿಗೆ ಮೊದಲು ಕಲಿಸಿದ್ದೇ ಈ ಅಳತೆ. ತನ್ನ ಪಾಡಿಗೆ ತಾನು ಓಡಾಡಿಕೊಂಡಿರುವವನು ನೂರು. ತೀರಿಕೊಂಡವನು ಸೊನ್ನೆ. ನಡುವೆ ಹತ್ತತ್ತರ ಮೆಟ್ಟಿಲು. ನಡೆಯುತ್ತಾನೋ, ಕೂಡುತ್ತಾನೋ, ತಾಟಿಗೆ ತಾನೇ ಕೈ ಹಾಕುತ್ತಾನೋ, ಕರೆದರೆ ಓಗೊಡುತ್ತಾನೋ ನೋಡಿ ಬರೆಯಬೇಕು. ಬರೆದದ್ದನ್ನು ಡಾಕ್ಟರ್ ಪ್ರಿಯದರ್ಶಿನಿ ಓದುತ್ತಾರೆ. ಐವತ್ತು ಮತ್ತು ಅದರ ಮೇಲಿನವರ ಮನೆಗೆ ಹದಿನೈದು ದಿನಕ್ಕೊಮ್ಮೆ ಗಾಡಿ; ಅದಕ್ಕಿಂತ ಕೆಳಗೆ ಇಳಿದವರಿಗೆ ವಾರಕ್ಕೆ ಎರಡು ಸಲ, ನೋವಿನ ಔಷಧವೂ ಹೆಚ್ಚು. ಸಂಸ್ಥೆಗೆ ಇರುವುದು ಒಂದೇ ಗಾಡಿ. ಇಂಡಿಗೂ ಅದೇ, ಸಿಂದಗಿಗೂ ಅದೇ, ಮುದ್ದೇಬಿಹಾಳಕ್ಕೂ ಅದೇ. ಹಾಗಾಗಿ ಅಳತೆ ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿಲ್ಲ ಎಂದು ಅವಳು ದಿನಕ್ಕೊಮ್ಮೆಯಾದರೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಇಜಾಜ ಬಶಿಯಲ್ಲಿ ಚಹಾ ಹೊಯ್ದುಕೊಂಡು ಸದ್ದು ಮಾಡಿ ಹೀರುತ್ತಿದ್ದ. ಅವಳ ಗಂಡ ರಾಯರೂ ಬಶಿಯಲ್ಲೇ ಕುಡಿಯುತ್ತಿದ್ದರು. ಮುದ್ದೇಬಿಹಾಳದ ಸಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದ ವಾಸುದೇವರಾಯರನ್ನು ಕಂಡರೆ ಊರ ಹುಡುಗರು ಓಣಿ ಬದಲಿಸುತ್ತಿದ್ದರು, ಆದರೆ ಮನೆಯೊಳಗೆ ಅವರು ಹುಡುಗರಿಗಿಂತ ಹುಡುಗರು. ಹೋದ ವರ್ಷದ ಕಾರ್ತಿಕದಲ್ಲಿ, ಅವಳು ಬಗಲಿಗೆ ಕೈ ಹಾಕಿ ಎತ್ತಿ ತಂದು ಹಿತ್ತಲ ತುಳಸಿಯ ಎದುರು ಕುರ್ಚಿಯಲ್ಲಿ ಕೂಡಿಸಿದ ಒಂದು ಬೆಳಿಗ್ಗೆ, ಬಶಿ ತುಟಿಗೆ ಮುಟ್ಟುವ ಮೊದಲೇ ಚಹಾ ತುಳುಕಿ ಧೋತರದ ಮೇಲೆ ಬಿತ್ತು. ಹೆಂಡತಿಯಾದವಳು ಬಶಿ ಹಿಡಿಯಬೇಕಿತ್ತು, ಇಲ್ಲವೆ ಧೋತರ ಒರೆಸಬೇಕಿತ್ತು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಎಡಗೈ ಬಲಗೈಯ ಆಸರೆಗೆ ಬಂತೋ ಇಲ್ಲವೋ, ತುಳುಕಿದ್ದು ಅವರಿಗೆ ತಿಳಿಯಿತೋ ಇಲ್ಲವೋ, ಅಷ್ಟನ್ನು ನೋಡಿದಳು. ರಾಯರು ತಲೆ ಎತ್ತಿದರು. ‘ಏನ್ ತುಳಸಿ, ಪೇಪರ್ ತಪಾಸಣಿ ನಡದದೇನು?’ ಎಂದರು. ಅವಳು ಇಲ್ಲವೆಂದಳು. ‘ಜನ್ಮಾನಗಟ್ಲೆ ಮಂದಿ ಹುಡುಗರಿಗೆ ಮಾರ್ಕ್ಸ್ ಹಾಕೀನಿ. ನನ್ನ ರಿಸಲ್ಟ್ ನನಗ ತಿಳೀಬಾರದೇನು? ಎಷ್ಟು ಬಿದ್ದಾವ ಹೇಳು.’ ಹಟ ಹಿಡಿದ ಮಗುವಿನಂತೆ ಕೇಳಿದರು. ಅವಳು ಮೂವತ್ತು ಎಂದುಬಿಟ್ಟಳು. ‘ಪಾಸಿಗೆ ಐದು ಕಮ್ಮಿ ಬಿದ್ದಾವಲ್ಲ! ನಿಮ್ಮಲ್ಲಿ ಗ್ರೇಸ್ ಮಾರ್ಕ್ಸ್ ಹಾಕೂ ಪದ್ಧತಿ ಇಲ್ಲೇನು?’ ಎಂದು ರಾಯರು ನಕ್ಕರು. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುದಿನ ಬೆಳಿಗ್ಗೆ ಎಬ್ಬಿಸಲು ಬಗಲಿಗೆ ಕೈ ಹಾಕಿದಾಗ ರಾಯರು ಮೈ ಸಡಿಲ ಬಿಟ್ಟರು. ‘ಮೂವತ್ತಕ್ಕ ಏಳ್ಲಿಕ್ಕೆ ಬರ್ತದೇನು?’ ಎಂದರು, ನಗದೆ. ಆಮೇಲೆ ಅವರು ಹಿತ್ತಲ ತುಳಸಿಯನ್ನು ನೋಡಲಿಲ್ಲ. ಅವಳು ಹೇಳದೆ ಇದ್ದಿದ್ದರೆ ಏಳುತ್ತಿದ್ದರೋ ಇಲ್ಲವೋ, ಅದು ಹರಿಗೇ ಗೊತ್ತು. ಆದರೆ ಹರಿ ಹೇಳುವವನಲ್ಲ. ವರ್ಷಾಬ್ದಿಕವೂ ಮುಗಿಯಿತು, ಪಿಂಡಕ್ಕೆ ಕಾಗೆಯೂ ಬಂತು, ನೆಂಟರೆಲ್ಲ ಪುಣ್ಯಾತ್ಮ, ತೃಪ್ತನಾಗಿ ಹೋದ ಎಂದರು. ತುಳಸೀಬಾಯಿ ಮಾತ್ರ ಕಾಗೆ ಎಷ್ಟು ಹೊತ್ತಿಗೆ ಬಂತು, ಯಾಕೆ ಅಷ್ಟು ತಡೆಯಿತು ಎಂದು ಯೋಚಿಸುತ್ತ ನಿಂತಿದ್ದಳು.

‘ಬಾಯಾರ, ದೇವರ ಹಿಪ್ಪರಗಿ ಇಸಾಕ ಚಾಚಾ ಹೋದ್ರಂತ್ರಿ,’ ಎಂದ ಇಜಾಜ, ಕಿಟಕಿಯ ಬಳಿ ಬಂದು. ‘ಈಗ ಅವರ ಮಗಳು ಹುಮಾ ಫೋನ್ ಮಾಡಿದ್ಲು. ಮುಂಜಾನಿನಽ ಆಗೇತಂತ.’

‘ಹರಿ ಹರಿ,’ ಎಂದಳು ತುಳಸೀಬಾಯಿ. ಇಸಾಕನಿಗೆ ಕಳೆದ ಸಲ ಇಪ್ಪತ್ತು ಬರೆದಿದ್ದಳು. ಇಪ್ಪತ್ತರಿಂದ ಸೊನ್ನೆಗೆ. ಲೆಕ್ಕ ಸರಿಯಾಗಿದೆ ಎಂದು ಒಳಗೆ ಯಾರೋ ತಲೆಯಾಡಿಸಿದಂತಾಯಿತು. ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ದೇವರ ಹಿಪ್ಪರಗಿಯಲ್ಲಿ ಮೊದಲು ಇಸಾಕನನ್ನು ನೋಡಿ, ಆಮೇಲೆ ಮಧ್ಯಾಹ್ನಕ್ಕೆ ಅದರಾಚೆ ಹೊಲದ ವಸ್ತಿಯಲ್ಲಿರುವ ಬೀರಣ್ಣನ ಮನೆಗೆ ಹೋಗುವುದು ಎಂದು ದಿನದ ಹಂಚಿಕೆ ಇತ್ತು. ಈಗ ಸೀದಾ ಬೀರಣ್ಣನಲ್ಲಿಗೆ ಹೋಗಿ ಬೇಗ ಮನೆ ಸೇರಬಹುದು. ತಲೆ ತಿರುಗುತ್ತಿತ್ತು; ರಾಯರು ಹೋದ ಮೇಲೆ ಏಕಾದಶಿಯನ್ನು ಅವಳು ನೀರೂ ಇಲ್ಲದಂತೆ ಹಿಡಿದಿದ್ದಳು.

‘ಬೀರಣ್ಣನ ಮನಿಗೆ ಫೋನ್ ಹತ್ತವಲ್ದ್ರಿ. ಟವರ್ ಇಲ್ಲ ಕಾಣತೈತಿ. ದಿನಾ ಹೇಳೇ ಹೋಗ್ತೇವಿ, ಇವತ್ತ ಹೇಳದ ಹೆಂಗ ಹೋಗೂದು?’

‘ಹೇಳಿ ಹೋಗ್ಲಿಕ್ಕೆ ನಾವೇನು ಹೆಣ್ಣು ನೋಡ್ಲಿಕ್ಕೆ ಹೊಂಟೀವೇನು? ನಡಿ.’

ಇಜಾಜ ನಕ್ಕು ಗಾಡಿ ತೆಗೆದ. ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು, ತೊಗರಿ ಕೊಯ್ದ ಹೊಲಗಳಲ್ಲಿ ಕಟ್ಟಿಗೆಯ ಬಣವೆ. ಬೀರಣ್ಣನ ನೆನಪಿಗೆ ಅವಳ ಮನಸ್ಸು ಸ್ವಲ್ಪ ಹಗುರಾಯಿತು. ಅವನೊಬ್ಬ ಇಳಿಯದೆ ನಿಂತಿದ್ದಾನೆ. ಕುರಿ ಕಾಯುತ್ತಲೇ ಮುದುಕನಾದ ಗಟ್ಟಿ ಆಳು. ರೋಗ ಬೆನ್ನೆಲುಬಿಗೆ ಇಳಿದಿದೆ ಎಂದು ವಿಜಯಪುರದ ದೊಡ್ಡ ದವಾಖಾನೆಯವರು ಬರೆದು ಕಳಿಸಿ ಮಳೆಗಾಲ ಹೋಗಿ ಚಳಿಗಾಲ ಬಂತು, ಇವಳು ಹೋದಾಗಲೆಲ್ಲ ಅವನು ಕೆಂಪು ರುಮಾಲು ಸುತ್ತಿಕೊಂಡು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿರುತ್ತಾನೆ. ಹೊಸ್ತಿಲು ದಾಟಿದವರ ಕೈಗೆ ಮನೆಯ ಹಿರಿಯ ತಾನೇ ನೀರು ಕೊಡಬೇಕು. ಅದು ಆ ಮನೆಯ ನಡೆ. ಪಕ್ಕದಲ್ಲಿ ಇಟ್ಟುಕೊಂಡ ತಾಮ್ರದ ತಂಬಿಗೆಯನ್ನು ಎತ್ತಿ ಅವಳ ಕೈಗೆ ಕೊಡುತ್ತಾನೆ. ಅದನ್ನೇ ಅವಳು ಅಳತೆ ಮಾಡಿಕೊಂಡಿದ್ದಳು. ತುಂಬಿದ ತಂಬಿಗೆ ಎತ್ತಿ ಕೊಡುತ್ತಾನೆ, ಕೂತು ಮಾತಾಡುತ್ತಾನೆ: ಐವತ್ತು. ಒಂದೆರಡು ಸಲ ಅವನ ಕೆನ್ನೆ ಒಳಗೆ ಹೋದದ್ದು, ತಂಬಿಗೆ ಕೊಡುವಾಗ ಹಣೆಯಲ್ಲಿ ಬೆವರು ಮೂಡಿದ್ದು ಕಾಣದೆ ಇರಲಿಲ್ಲ. ನಲವತ್ತು ಬರೆಯಲೇ ಎಂದು ಪೆನ್ನು ತಡೆದಿತ್ತು. ರಾಯರ ನಂತರ ಅವಳ ಕೈ ಕೆಳಗಿನ ಅಂಕೆಗೆ ಹೆದರುತ್ತಿತ್ತು. ಬರೆದರೆ ಆಗಿಬಿಡುತ್ತದೇನೋ ಎಂಬ ಹೆದರಿಕೆ. ಇರಲಿ, ಎತ್ತಿ ಕೊಟ್ಟನಲ್ಲ ಎಂದು ಐವತ್ತನ್ನೇ ಬರೆದಳು. ಯಾರಿಗೋ ಕೊಡದೆ ಉಳಿದ ಗ್ರೇಸ್ ಮಾರ್ಕ್ಸನ್ನು ಇವನಿಗೆ ಕೊಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಲಿಲ್ಲ, ಅಥವಾ ಅನ್ನಿಸಿತ್ತು.

ಆ ತಂಬಿಗೆಯ ನೀರನ್ನು ಅವಳು ಒಮ್ಮೆಯೂ ಕುಡಿದಿರಲಿಲ್ಲ. ರೋಗಿಗಳ ಮನೆಯಲ್ಲಿ ಏನನ್ನೂ ತೆಗೆದುಕೊಂಡು ಅವರಿಗೆ ಭಾರವಾಗಬಾರದು ಎಂದು ಸಂಸ್ಥೆಯ ನಿಯಮವೇ ಇತ್ತು, ಮತ್ತು ಆ ನಿಯಮದ ಹಿಂದೆ ಅವಳು ನೆಮ್ಮದಿಯಾಗಿ ನಿಂತಿದ್ದಳು. ಆದರೆ ಇಜಾಜನಿಗೂ ಅದೇ ನಿಯಮ. ಅವನು ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ಹುಟ್ಟಿದಂದಿನಿಂದ ಮನೆಯ ನೀರನ್ನೇ ಕುಡಿದ ಗಂಟಲು, ಬೇರೆ ಕಡೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಮಡಿ ಎಂದು ಹೆಸರಿಡಲು ಅವಳಿಗೆ ನಾಚಿಕೆಯಾಗಿ ಅಭ್ಯಾಸ ಎಂದು ಕರೆದುಕೊಂಡಿದ್ದಳು. ಮೊದಲ ಸಲ ಅವನು ತಂಬಿಗೆ ಚಾಚಿದಾಗ ಏನು ಹೇಳಲೂ ತೋಚದೆ ‘ಇವತ್ತ ಏಕಾದಶಿರಿ’ ಎಂದಿದ್ದಳು. ಅಂದು ಏಕಾದಶಿ ಇರಲಿಲ್ಲ. ಬೀರಣ್ಣ ಗಲ್ಲ ಗಲ್ಲ ಬಡಿದುಕೊಂಡು, ‘ತಪ್ಪಾತ್ರಿ ಬಾಯಾರ, ಕೈಯರೆ ತೊಳ್ಕೋರಿ’ ಎಂದಿದ್ದ. ಅವಳು ಅಂಗಳದ ಅಂಚಿಗೆ ಹೋಗಿ ಕೈಯ ಮೇಲೆ ನೀರು ಹೊಯ್ದುಕೊಂಡಳು. ಮುಂದಿನ ಸಲವೂ ತಂಬಿಗೆ ಬಂತು. ‘ಇವತ್ತೂ ಏಕಾದಶಿನಽ ಇರಬೇಕಲ್ರಿ?’ ಎಂದ, ಕಣ್ಣು ಕಿರಿದು ಮಾಡಿ. ಹೌದೆಂದಳು. ‘ಹದಿನೈದು ದಿನಕ್ಕೊಮ್ಮಿ ಏಕಾದಶಿ, ಹದಿನೈದು ದಿನಕ್ಕೊಮ್ಮಿ ಬಾಯಾರು. ಇಬ್ಬರೂ ಕೂಡೇ ಬರ್ತಾರ ನಮ್ಮ ಮನಿಗೆ’ ಎಂದು ಅವನು ನಕ್ಕ. ಅಲ್ಲಿಂದ ಅದು ಇಬ್ಬರ ನಡುವಿನ ಹಾಸ್ಯವಾಗಿತ್ತು. ಅವನು ನಂಬಿದ್ದನೋ, ತನ್ನನ್ನು ಆಡಿಸುತ್ತಿದ್ದನೋ ಅವಳಿಗೆ ತಿಳಿದಿರಲಿಲ್ಲ. ಕುರಿ ಕಾಯುವವರಿಗೆ ಏಕಾದಶಿಯ ಗೊಡವೆ ಏನು ಎಂದುಕೊಂಡು ಸುಮ್ಮನಾಗಿದ್ದಳು.

ವಸ್ತಿಯ ತಿರುವಿನಲ್ಲಿ ಯಾರೋ ತೊಗರಿಕಟ್ಟಿಗೆಯನ್ನು ದಾರಿಗೆ ಅಡ್ಡವಾಗಿ ಒಟ್ಟಿದ್ದರು. ಇಜಾಜ ಗಾಡಿಯನ್ನು ಹಿಂದೆ ಮುಂದೆ ಮಾಡುತ್ತಿರುವಾಗ ಅವಳು ಚೀಲ ಹಿಡಿದು ಇಳಿದು ನಡೆದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಹಟ್ಟಿಯ ಕುರಿಗಳು ಇನ್ನೂ ಮೇಯಲು ಹೋಗದೆ ಒದರುತ್ತಿದ್ದವು. ಈ ಹೊತ್ತಿಗೆ ಅವು ಅಡವಿಯಲ್ಲಿರಬೇಕಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಬೀರಣ್ಣನ ಹೆಂಡತಿ ರೇವವ್ವನ ದನಿ ಕೇಳಿತು.

‘ಇನ್ನಽ ಹೊತ್ತೈತಿ, ಒಂದು ಮುಚ್ಚಳ ಔಷಧ ಕುಡೀರಿ. ನಿನ್ನಿ ಸಂಜಿಂದ ಬಾಯಿಗೆ ಹಾಕಿಲ್ಲ. ಜೀವ ಏನು ಕಲ್ಲಿಂದೇನು?’

‘ಬ್ಯಾಡ ಅಂದೆ. ಅದನ್ನ ಕುಡದ್ರ ಕಣ್ಣು ಮುಚ್ಚತಾವ. ಬಾಯಾರು ಬಂದಾಗ ನಾ ಸತ್ತ ಟಗರಿನಂಗ ಬಿದ್ದಿರ್ಲೇನು?’

ತುಳಸೀಬಾಯಿ ಕಂಡದ್ದು ಇಷ್ಟು. ಪಡಸಾಲೆಯಲ್ಲಿ ಬೀರಣ್ಣನನ್ನು ಅವನ ಮಗ ಮಾಳಿಂಗ ಹಿಂದಿನಿಂದ ಅಪ್ಪಿ ಹಿಡಿದು ಎತ್ತುತ್ತಿದ್ದ. ರೇವವ್ವ ಉಣ್ಣೆಯ ಚೀಲಗಳನ್ನು ಗೋಡೆಗೆ ಒತ್ತಿ ಬೆನ್ನಿಗೆ ಆನಿಕೆ ಮಾಡುತ್ತಿದ್ದಳು. ರುಮಾಲಿಲ್ಲದ ಅವನ ತಲೆಯನ್ನು ತುಳಸೀಬಾಯಿ ಅದೇ ಮೊದಲು ನೋಡಿದ್ದು. ಅದು ಹಸುಗೂಸಿನ ತಲೆಯಂತೆ ಚಿಕ್ಕದಾಗಿ, ಕೊರಳ ಮೇಲೆ ನಿಲ್ಲಲಾರದೆ ವಾಲುತ್ತಿತ್ತು. ಬೆನ್ನು ನೆಟ್ಟಗಾಗುತ್ತಲೇ ಅವನು ರುಮಾಲಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡ. ಅದರೊಳಗಿಂದ ಬಂದ ಸದ್ದು ಮನುಷ್ಯನ ದನಿಯಾಗಿರಲಿಲ್ಲ. ಹೊರಗೆ ಕುರಿಗಳು ಒಂದು ಕ್ಷಣ ಸುಮ್ಮನಾಗಿ ಮತ್ತೆ ಒದರಿದವು.

‘ಅಪ್ಪಾ, ಸಾಕು ಬಿಡೋ,’ ಎಂದ ಮಾಳಿಂಗ. ಅವನ ಕಣ್ಣು ತುಂಬಿದ್ದವು. ‘ಆಕಿ ಬಂದು ಹೋದ ಮ್ಯಾಲ ದಿನಾನುಗಟ್ಲೆ ಒದ್ದಾಡ್ತಿ. ಹೇಳಿಬಿಡೂಣು, ಏಳಾಕ ಆಗವಲ್ದು ಅಂತ.’

‘ಬಾಯಿ ಮುಚ್ಚಲೇ. ನಾ ಕುಂತೇನಿ ಅಂತ ಆಕಿ ಬರಕೊಂಡ ಹೋಗ್ತಾಳ. ಆಕಿ ಹಂಗ ಬರೆಯೂತನಕ ನನಗೇನೂ ಆಗಂಗಿಲ್ಲ.’ ಅವನು ಏದುಸಿರು ಬಿಟ್ಟ. ‘ಮ್ಯಾಲ ಆಕಿ ಇನ್ನಽ ನಮ್ಮ ಮನಿ ನೀರು ಕುಡದಿಲ್ಲ. ಕುಡಸದ ಹೆಂಗ ಹೋಗ್ಲಿ? ತಾ ಇಲ್ಲಿ ತಂಬಿಗಿ.’

ರೇವವ್ವ ತಂಬಿಗೆಯನ್ನು ಅವನ ಕೈಗೆ ಇಟ್ಟಳು. ಅದು ಒಂದಿಷ್ಟು ಏರಿ ವಾಲಿ ಕಂಬಳಿಯ ಮೇಲೆ ಚೆಲ್ಲಿತು. ಅವಳು ಒರೆಸಿ, ಕೊಡದಿಂದ ಮತ್ತೆ ಹಾಕಿದಳು. ತಳ ಮುಚ್ಚುವಷ್ಟು ಮಾತ್ರ. ‘ಇನ್ನೊಮ್ಮಿ ಎತ್ತು ನೋಡೂಣು’ ಎಂದ ಮಾಳಿಂಗ. ‘ಎತ್ತತೇನಲೇ, ಅವಸರ ಮಾಡಬ್ಯಾಡ’ ಎಂದ ಬೀರಣ್ಣ. ತುಂಬಿದ ತಂಬಿಗೆ ಎಂದು ಅವಳು ಬರೆಯುತ್ತ ಬಂದದ್ದು ಎಂದೂ ತುಂಬಿರಲಿಲ್ಲ. ಕೈ ತೊಳೆದುಕೊಳ್ಳುವಾಗ ನೀರು ಎರಡನೆಯ ಕೈಗೆ ಸಾಲುತ್ತಿರಲಿಲ್ಲ, ಹೌದು, ಸಾಲುತ್ತಿರಲಿಲ್ಲ, ಅದನ್ನು ಅವಳ ಮೈ ಬಲ್ಲದ್ದೇ. ಒದ್ದೆಯಾಗದ ಎಡಗೈಯನ್ನು ಸೀರೆಗೆ ಒರೆಸಿಕೊಂಡು ಬಂದು ಅದೇ ಕೈಯಲ್ಲಿ ಅವಳು ಹಾಳೆ ಹಿಡಿದಿದ್ದಳು.

ಅವಳ ಚೀಲದಲ್ಲಿ ಔಷಧವಿತ್ತು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಹಿಂದೆ ಸರಿದಳು. ಕಳ್ಳರು ಸರಿಯುವಂತೆ, ಚಪ್ಪಲಿಯ ಸದ್ದಾಗದ ಹಾಗೆ ಸರಿದು, ಕಟ್ಟಿಗೆಯ ಒಟ್ಟಿನ ಹಿಂದೆ ಬಂದು ನಿಂತಳು. ತನ್ನ ಕಣ್ಣಿಗೆ ಬೀಳಬಾರದೆಂದು ಒಬ್ಬ ಮನುಷ್ಯ ಇಷ್ಟೆಲ್ಲ ಮಾಡಿಕೊಂಡಿರುವುದನ್ನು ತಾನು ನೋಡಿಬಿಟ್ಟೆ ಎಂಬುದು, ಅವನ ಬೇನೆಗಿಂತ ದೊಡ್ಡ ಅಪರಾಧವೆಂದು ಆ ಗಳಿಗೆ ಅನ್ನಿಸಿತು. ರಾಯರು ಕೊನೆಕೊನೆಗೆ ಅವಳು ಕೋಣೆಗೆ ಬಂದರೆ ಗೋಡೆಯ ಕಡೆ ಹೊರಳುತ್ತಿದ್ದರು. ನಿದ್ದೆ ಎಂದುಕೊಂಡಿದ್ದಳು.

‘ಯಾಕ್ರಿ ಬಾಯಾರ, ಹೊಳ್ಳಿ ಬಂದ್ರಿ?’ ಎಂದ ಇಜಾಜ, ಗಾಡಿಯಿಂದ ಇಣುಕಿ.

‘ಹಾರ್ನ್ ಹೊಡಿ.’

‘ಹಾರ್ನ್? ಯಾರಿಗ್ರಿ? ಕಟಗಿಗೇನು?’

‘ನಾವು ಬಂದೀವಂತ ತಿಳೀಲಿ ಅವರಿಗೆ. ಹೊಡಿ ಅಂದೆ.’

ಇಜಾಜ ಉದ್ದಕ್ಕೆ ಹೊಡೆದ. ಮನೆಯೊಳಗೆ ಏನೋ ಬಿದ್ದ ಸದ್ದು, ಅವಸರದ ಪಿಸುಮಾತು. ತುಳಸೀಬಾಯಿ ನಿಂತೇ ಇದ್ದಳು. ರುಮಾಲು ಸುತ್ತಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಒಂದು ಮಂತ್ರವೂ ನೆನಪಿಗೆ ಬರಲಿಲ್ಲ. ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಅವಳು ಹೊಸ್ತಿಲು ದಾಟಿದಾಗ ಎಲ್ಲ ಎಂದಿನಂತಿತ್ತು. ಕೆಂಪು ರುಮಾಲು, ಮಡಿಸಿದ ಕಂಬಳಿ, ಗೋಡೆಗೆ ಒರಗಿದ ಹಿರಿಯ. ಮಾಳಿಂಗ ಬಾಗಿಲ ಮೂಲೆಯಲ್ಲಿ ಏನೂ ಆಗದವನಂತೆ ಹಗ್ಗ ಹೊಸೆಯುತ್ತಿದ್ದ. ರುಮಾಲಿನ ಒಂದು ತುದಿ ಮಾತ್ರ ಎಂಜಲಿನಿಂದ ಒದ್ದೆಯಾಗಿತ್ತು.

‘ಬರ್ರಿ ಬಾಯಾರ, ಬರ್ರಿ,’ ಎಂದ ಬೀರಣ್ಣ. ದನಿ ಎಲ್ಲಿಂದ ತಂದನೋ, ಗಟ್ಟಿಯಾಗಿತ್ತು. ‘ಇವತ್ತ ಲಗೂನ ಬಂದ್ರಿ. ಯಾರ ಮನ್ಯಾಗೂ ಕುಂಡರ್ಸಲಿಲ್ಲೇನು?’

‘ಹೌದ್ರಿ ಬೀರಣ್ಣ. ಹೆಂಗಿದ್ದೀರಿ?’

‘ನನಗೇನು ಧಾಡಿ. ನೀವೇ ಬಾಡಿದಂಗ ಕಾಣ್ತೀರಿ.’ ಅವನು ತಂಬಿಗೆಗೆ ಕೈ ಹಾಕಿದ. ರೇವವ್ವ ಬೇರೆ ಕಡೆ ನೋಡಿದಳು. ತಂಬಿಗೆ ನೆಲ ಬಿಟ್ಟಿತು. ಅದು ನೆಲದಿಂದ ಅವಳ ಕೈವರೆಗೆ ಬರುವಷ್ಟರಲ್ಲಿ ತುಳಸೀಬಾಯಿ ಏನನ್ನೂ ಅಳೆಯಲಿಲ್ಲ. ಅಳೆಯದೆ ನೋಡುವುದು ಇಷ್ಟು ಕಷ್ಟವೆಂದು ಅವಳಿಗೆ ತಿಳಿದಿರಲಿಲ್ಲ. ಅವಳು ಬಾಗಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನ ಬೆರಳು ಬಿಸಿಯಾಗಿದ್ದವು.

‘ಇವತ್ತೂ ಏಕಾದಶಿನಽ ಏನ್ರಿ?’ ಎಂದ ಅವನು, ಎಂದಿನ ಹಾಸ್ಯದ ಕಣ್ಣಿನಿಂದ.

‘ಇಲ್ಲರಿ,’ ಎಂದಳು ತುಳಸೀಬಾಯಿ. ‘ಇವತ್ತ ಏಕಾದಶಿ ಅಲ್ಲ.’

ಎತ್ತಿ ಕುಡಿದಳು. ತಳದಲ್ಲಿದ್ದ ನೀರು ಎರಡು ಗುಟುಕಿಗೆ ಮುಗಿಯಿತು. ಸವಳು ನೀರು, ತಾಮ್ರದ ವಾಸನೆ, ಉಣ್ಣೆಯ ವಾಸನೆ. ಬೆಳಗಿನಿಂದ ಒಣಗಿದ ಗಂಟಲು ಮುಚ್ಚಿಕೊಳ್ಳಲಿಲ್ಲ, ಹೊಲದ ಬಿರುಕು ಕುಡಿಯುವಂತೆ ಕುಡಿಯಿತು. ನೋಡಿ ಬೀರಣ್ಣ, ಕುಡಿದೆ ಎಂದು ಹೇಳುವ ಒಂದು ಸಣ್ಣ ಸಂತೋಷದಿಂದ ಅವಳು ತಂಬಿಗೆ ಇಳಿಸಿ ಅವನ ಮುಖ ನೋಡಿದಳು.

ಅಲ್ಲಿ ನಗೆ ಇರಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ಆಮೇಲೆ ರೇವವ್ವನನ್ನು ನೋಡಿದ. ರೇವವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಮತ್ತು ಆ ಸೆರಗು ಸರಿದ ಕೊರಳಲ್ಲಿ, ತಾಳಿಯ ಹಿಂದೆ, ತುಳಸಿಮಣಿಯ ಮಾಲೆಯಿತ್ತು. ಪಂಢರಪುರಕ್ಕೆ ನಡೆದು ಹೋಗಿ ಬಂದವರು ಹಾಕಿಕೊಳ್ಳುವ ಮಾಲೆ. ಎಷ್ಟೋ ಸಲ ಈ ಮನೆಗೆ ಬಂದು ಬೀರಣ್ಣನ ಉಗುರಿನ ಬಣ್ಣವನ್ನೂ ಬರೆದುಕೊಂಡು ಹೋದ ತುಳಸೀಬಾಯಿ ಆ ಕೊರಳನ್ನು ಇವತ್ತು ಕಂಡಳು.

‘ಇವತ್ತ ಖರೇನಽ ಏಕಾದಶಿರಿ ಬಾಯಾರ,’ ಎಂದ ಬೀರಣ್ಣ ಮೆಲ್ಲಗೆ. ‘ಈಕಿನೂ ಹಿಡದಾಳ. ಮೊದಲಿಂದೂ ಹಿಡೀತಾಳ. ನೀವು ಏಕಾದಶಿ ಅಂದಾಗೆಲ್ಲ ಈಕಿ ಒಳಗ ಹೋಗಿ ರೊಟ್ಟಿ ತಿಂತಿದ್ಲು.’ ಅದು ಚುಚ್ಚುಮಾತಾಗಿರಲಿಲ್ಲ. ಹಳೆಯ ಹಾಸ್ಯವೊಂದನ್ನು ಕೊನೆಗೆ ಬಿಡಿಸಿ ಹೇಳಿದಂತಿತ್ತು. ‘ಅಂಥಾದ್ರಾಗ ಇವತ್ತ ಕುಡದ್ರಿ.’

ಅವಳು ಬರಿದಾದ ತಂಬಿಗೆಯನ್ನು ಎದುರು ಗೋಡೆಯ ಗೂಡಿನಲ್ಲಿಟ್ಟಳು.

‘ಕುರಿ ಮಾರಿದ ಮ್ಯಾಲ, ಒಯ್ಯೂ ದಿನ ಮುಂಜಾನಿ, ನಾವೂ ಅದಕ್ಕ ಒಂದು ಹಿಡಿ ಜ್ವಾಳ ಹೆಚ್ಚ ಹಾಕ್ತೇವ್ರಿ,’ ಎಂದ ಬೀರಣ್ಣ. ‘ಹಂಗಾರ ಆತು.’

‘ಹಂಗಲ್ರಿ ಬೀರಣ್ಣ, ಹಂಗೇನಿಲ್ಲ.’

‘ಇರ್ಲಿ ಬಿಡ್ರಿ. ಕುಡದ್ರಲ್ಲ, ಅಷ್ಟ ಸಾಕು.’ ಅವನು ಕಣ್ಣು ಮುಚ್ಚಿದ. ‘ರೇವೀ, ರುಮಾಲ ಬಿಚ್ಚು. ಮಲಗಸ್ರಿ ನನ್ನ.’

ಮಾಳಿಂಗ ಹಗ್ಗ ಬಿಟ್ಟು ಓಡಿ ಬಂದ. ಮೂವರೂ ಸೇರಿ ಅವನನ್ನು ಇಳಿಸಿದರು. ಅವನ ಬೆನ್ನಿನ ಭಾರ ಅವಳ ಮೊಣಕೈಯ ಮೇಲೆ ಬಂದಾಗ ಅದು ರಾಯರ ಭಾರವಾಗಿತ್ತು, ಅದೇ ಸಡಿಲ, ಮಾತು ಕೇಳಿದ ಮೈಯ ಸಡಿಲ. ಅವಳು ಔಷಧವನ್ನು ಅಳೆದು ಬಾಯಿಗೆ ಹಾಕಿದಳು. ಅವನು ಒಲ್ಲೆ ಎನ್ನಲಿಲ್ಲ. ಪಕ್ಕದಲ್ಲಿ ಕೂತು ಕಾದಳು. ಹುಬ್ಬಿನ ಗಂಟು ಒಂದೊಂದಾಗಿ ಬಿಚ್ಚಿತು, ಕಚ್ಚಿ ಹಿಡಿದಿದ್ದ ದವಡೆ ತೆರೆಯಿತು. ಬಂದವರ ಎದುರಿಗೆ ಆ ಮನೆಯ ಹಿರಿಯ ಮೊದಲ ಸಲ ಮಲಗಿ ನಿದ್ದೆ ಹೋದ. ಮಾಳಿಂಗ ಎದ್ದು ಕುರಿ ಹೊಡೆದುಕೊಂಡು ಹೋದ.

‘ನೀವು ಕುಡೀಬಾರದಿತ್ರಿ,’ ಎಂದಳು ರೇವವ್ವ. ಸಿಟ್ಟಿರಲಿಲ್ಲ. ‘ನಿಮಗ ನೀರು ಕುಡಸೂತನಕ ಅಂತ ಜೀವ ಹಿಡದಿದ್ರು.’ ಸ್ವಲ್ಪ ಹೊತ್ತು ಗಂಡನ ಉಸಿರು ಕೇಳಿದಳು. ‘ಆದ್ರ ನಿದ್ದಿ ಬಂತು ನೋಡ್ರಿ. ಮಕ್ಕಳಂಗ. ನಾ ಇಂಥಾ ನಿದ್ದಿ ನೋಡಿ ಎಷ್ಟ ದಿನ ಆಗಿತ್ತು.’

ಎರಡರಲ್ಲಿ ಯಾವುದನ್ನು ತನಗೆ ಹೇಳಿದಳು ಎಂದು ತುಳಸೀಬಾಯಿಗೆ ತಿಳಿಯಲಿಲ್ಲ. ‘ನಾ ಮೊದಲಽ ಬಂದಿದ್ದೆ ರೇವವ್ವ,’ ಎಂದಳು. ‘ಹಾರ್ನ್ ಆಗೂಕಿಂತ ಮೊದಲು. ಬಾಗಲದಾಗ ನಿಂತು ನೋಡಿದೆ.’

‘ಗೊತ್ತೈತ್ರಿ. ನಿಮ್ಮ ಸೀರಿ ಅಂಚು ಕಂಡಿತ್ತು ನನಗ.’ ರೇವವ್ವ ನೆಲದ ಮೇಲೆ ಬಿದ್ದಿದ್ದ ರುಮಾಲನ್ನು ಎತ್ತಿ ಝಾಡಿಸಿದಳು. ‘ಹೊಳ್ಳಿ ಹ್ವಾದ್ರಲ್ಲ, ಅದಕ್ಕ ಸುಮ್ಮನಿದ್ದೆ. ಹಿಡೀರಿ ಆ ಕಡೆ.’

ರುಮಾಲಿನ ಒಂದು ತುದಿ ಅವಳ ಕೈಗೆ ಬಂತು, ಒದ್ದೆಯಾಗಿದ್ದ ತುದಿ. ಅದು ಪಡಸಾಲೆ ದಾಟಿ ಅಂಗಳದವರೆಗೆ ಹೋಗುವಷ್ಟು ಉದ್ದವಿತ್ತು. ರೇವವ್ವ ಅಂಗಳದಲ್ಲಿ, ಅವಳು ಒಳಗೆ, ನಡುವೆ ಹೊಸ್ತಿಲು. ಎಳೆದು, ಕೊಡವಿ, ಅಂಚಿಗೆ ಅಂಚು ಕೂಡಿಸಿ, ಇಬ್ಬರೂ ಎದುರುಬದುರು ನಡೆದು ಬಂದು ಒಬ್ಬರ ಕೈಗೆ ಒಬ್ಬರು ಕೊಟ್ಟರು. ಮತ್ತೆ ಹಿಂದೆ ಹೋದರು. ಮತ್ತೆ ಬಂದರು. ಕೊನೆಗೆ ಅದು ಒಂದು ಅಂಗೈಯಷ್ಟಾಯಿತು. ರೇವವ್ವ ಅದನ್ನು ಗಂಡನ ತಲೆಯ ಕೆಳಗೆ ಇಡಲಿಲ್ಲ, ಪೆಟ್ಟಿಗೆಯಲ್ಲೂ ಇಡಲಿಲ್ಲ. ಅವನು ಕಣ್ಣು ತೆರೆದರೆ ಕಾಣುವ ಗೂಡಿನಲ್ಲಿ, ತಂಬಿಗೆಯ ಪಕ್ಕ ಇಟ್ಟಳು.

ಗಾಡಿಯಲ್ಲಿ ಕೂತು ತುಳಸೀಬಾಯಿ ಹಾಳೆ ತೆಗೆದಳು. ಬರೆಯಲೇಬೇಕು, ಬರೆದರೆ ವಾರಕ್ಕೆರಡು ಸಲ ಗಾಡಿ ಬರುತ್ತದೆ, ಔಷಧ ಹೆಚ್ಚುತ್ತದೆ, ರುಮಾಲು ಕಚ್ಚುವುದು ತಪ್ಪುತ್ತದೆ. ಮೂವತ್ತು ಎಂದು ಬರೆದಳು. ಪೆನ್ನು ಅಲ್ಲೇ ನಿಂತಿತು. ಮೇಲೆ ಐದು ಹಾಕಲು ಆ ಅಳತೆಯಲ್ಲಿ ಜಾಗವಿರಲಿಲ್ಲ. ಅದು ಹತ್ತತ್ತರ ಮೆಟ್ಟಿಲು.

ವ್ರತ ಮುರಿದದ್ದಕ್ಕೆ ಹರಿಯ ಕ್ಷಮೆ ಕೇಳಬೇಕೆಂದು ಕಣ್ಣು ಮುಚ್ಚಿದಳು. ಬಾಯಲ್ಲಿ ಸವಳು ರುಚಿ ಇನ್ನೂ ಇತ್ತು. ಯಾವುದಕ್ಕೆಂದು ಕೇಳುವುದು? ಇವತ್ತು ಕುಡಿದದ್ದಕ್ಕೋ, ಇಷ್ಟು ದಿನ ಚೆಲ್ಲಿದ್ದಕ್ಕೋ? ಗೋಡೆಯ ಕಡೆ ಹೊರಳಿದ ರಾಯರ ಬೆನ್ನು ಕಂಡಿತು, ಅಷ್ಟೇ.

‘ನಾಡಿದ್ದ ಮತ್ತ ಬರೂದೈತೇನ್ರಿ ಇಲ್ಲಿಗೆ?’ ಎಂದ ಇಜಾಜ, ಜೋಳದ ನಡುವಿನ ದಾರಿಗೆ ಗಾಡಿ ಹೊರಳಿಸುತ್ತ.

‘ಬರಬೇಕು.’

‘ಇನ್ನ ಮ್ಯಾಲ ಫೋನ್ ಮಾಡೂದು ಬ್ಯಾಡೇನ್ರಿ? ಇವತ್ತಿನಂಗ ಸೀದಾ ಬರೂದಾ?’

ಅವಳು ಹಿಂತಿರುಗಿ ನೋಡಿದಳು. ಕಟ್ಟಿಗೆಯ ಒಟ್ಟು ಮನೆಯನ್ನು ಮರೆಮಾಡಿತ್ತು.

‘ಮಾಡು. ಹೊರಡೂಕಿಂತ ಮೊದಲಽ ಮಾಡು, ಹತ್ತೂತನಕ ಮಾಡು.’

‘ಏನಂತ ಹೇಳ್ಲಿರಿ?’

‘ಬಾಯಾರು ಬರ್ಲಿಕ್ಕತ್ತಾರ, ಏಕಾದಶಿ ಮುಗದದ ಅಂತ ಹೇಳು,’ ಎಂದಳು ತುಳಸೀಬಾಯಿ.